ಮಗು ತಪ್ಪು ಹೇಳಿತೇ, ನಾವು ತಪ್ಪು ಕೇಳಿದೆವೇ?

ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮಸಮ ನೀರು ತುಂಬಿ ನಾಲ್ಕೈದು ವರ್ಷದ ಮಗುವಿನ ಮುಂದಿಡಿ. 'ಎರಡ್ರಲ್ಲೂ ಒಂದೇ ಸಮ ಇದೆಯಾ?' ಎಂದು ಕೇಳಿ. ಮಗು ಬಗ್ಗಿ, ಮಟ್ಟ ನೋಡಿ, ಹೂಂ ಎನ್ನುತ್ತದೆ. ಈಗ ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಸಪೂರವಾದ, ಎತ್ತರದ ಗ್ಲಾಸಿಗೆ ಸುರಿಯಿರಿ. 'ಈಗ?' ಎಂದರೆ ಮಗು ಎತ್ತರದ ಗ್ಲಾಸಿನ ಕಡೆ ಬೆರಳು ಮಾಡಿ 'ಇದ್ರಲ್ಲೇ ಜಾಸ್ತಿ' ಎನ್ನುತ್ತದೆ. ನೀರನ್ನು ವಾಪಸ್ ಲೋಟಕ್ಕೆ ಸುರಿದರೆ ಮತ್ತೆ ಸಮ. ಎತ್ತರದ್ದಕ್ಕೆ ಸುರಿದರೆ ಮತ್ತೆ ಜಾಸ್ತಿ. ಹನಿ ಚೆಲ್ಲಿಲ್ಲ, ಹನಿ ಸೇರಿಲ್ಲ ಎಂಬುದನ್ನು ಅದೇ ನೋಡಿದೆ. ಆದರೂ ಅದರ ಉತ್ತರದಲ್ಲಿ ಅಳುಕಿಲ್ಲ. ಏಳು ದಾಟಿದ ಮೇಲೆ ಇದೇ ಪ್ರಶ್ನೆ ಕೇಳಿದರೆ, ಇದೂ ಒಂದು ಪ್ರಶ್ನೆಯೇ ಎಂಬಂತೆ ನಿಮ್ಮ ಮುಖ ನೋಡುತ್ತದೆ.

ಡಿ.ಇಡಿ., ಬಿ.ಇಡಿ. ಓದಿದವರಿಗೆ ಇದು ಗೊತ್ತಿರುವ ಸಂಗತಿ. ಆಕಾರ ಬದಲಾದರೂ ಪ್ರಮಾಣ ಬದಲಾಗದು ಎಂಬ ತಿಳಿವಳಿಕೆಗೆ ಪುಸ್ತಕಗಳು 'ಸಂರಕ್ಷಣೆ' ಎಂಬ ಹೆಸರು ಕೊಟ್ಟಿವೆ. ಪಕ್ಕದಲ್ಲಿ ಜೀನ್ ಪಿಯಾಜೆಯ ಹೆಸರು, ಅದರ ಪಕ್ಕದಲ್ಲಿ ವಯಸ್ಸು. ಎರಡು ಅಂಕಕ್ಕೆ ಅಷ್ಟು ಸಾಕು. ಆದರೆ ಆ ಎರಡು ಸಾಲಿನ ಹಿಂದೆ ಶತಮಾನದಷ್ಟು ಹಳೆಯ ವಾಗ್ವಾದವೊಂದಿದೆ. ಮಗು ತಪ್ಪು ಉತ್ತರ ಕೊಟ್ಟಾಗ ಅದು ಮಗುವಿನ ಬುದ್ಧಿಯ ಬಗ್ಗೆ ಹೇಳುತ್ತದೆಯೋ, ನಮ್ಮ ಪ್ರಶ್ನೆಯ ಬಗ್ಗೆ ಹೇಳುತ್ತದೆಯೋ? ವಿಕಾಸ ಮನೋವಿಜ್ಞಾನದ ಹಲವು ಮುಖ್ಯ ಪರಿಕಲ್ಪನೆಗಳು ಈ ಒಂದು ಪ್ರಶ್ನೆಯ ಸುತ್ತಲೇ ಬೆಳೆದಿವೆ.

ಪ್ಯಾರಿಸ್ಸಿನಲ್ಲಿ ಸಿಕ್ಕ ಸುಳಿವು

ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನ ನೂಶಾಟೆಲ್ ಊರಿನಲ್ಲಿ. ಮೊದಲು ಅವರನ್ನು ಸೆಳೆದದ್ದು ಮಕ್ಕಳಲ್ಲ, ಬಸವನಹುಳುಗಳು. ಶಾಲೆಯಲ್ಲಿದ್ದಾಗಲೇ ಮೃದ್ವಂಗಿಗಳ ಬಗ್ಗೆ ಲೇಖನ ಪ್ರಕಟಿಸಿ, 1918ರಲ್ಲಿ ಡಾಕ್ಟರೇಟ್ ಪಡೆದರು. ಮರುವರ್ಷ ಪ್ಯಾರಿಸ್ಸಿಗೆ ಹೋದಾಗ ಒಂದು ಕೆಲಸ ಸಿಕ್ಕಿತು. ಆಲ್ಫ್ರೆಡ್ ಬಿನೆಯವರ ಜತೆ ಸೇರಿ 1905ರಲ್ಲಿ ಬುದ್ಧಿಮತ್ತೆಯ ಪರೀಕ್ಷೆಯನ್ನು ರೂಪಿಸಿದ್ದ ಥಿಯೋಡರ್ ಸಿಮೋನ್, ಇಂಗ್ಲೆಂಡಿನ ಸಿರಿಲ್ ಬರ್ಟ್ ತಯಾರಿಸಿದ್ದ ತರ್ಕದ ಪ್ರಶ್ನೆಗಳನ್ನು ಫ್ರೆಂಚ್ ಮಕ್ಕಳಿಗೆ ಒಗ್ಗಿಸಬೇಕೆಂದಿದ್ದರು. ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪ್ರಶ್ನೆ ಕೇಳುವುದು, ಸರಿಯಾದದ್ದನ್ನು ಎಣಿಸುವುದು. ಇದಿಷ್ಟೇ ಕೆಲಸ.

ಎಣಿಕೆ ಪಿಯಾಜೆಗೆ ಬೇಸರ ತಂದಿತು. ತಪ್ಪು ಉತ್ತರಗಳು ಹಿಡಿದು ನಿಲ್ಲಿಸಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಅಡ್ಡಾದಿಡ್ಡಿ ಊಹೆಯಾಗಿದ್ದರೆ ಹಾಗೆ ಆಗಬಾರದಿತ್ತು. ತಪ್ಪಿಗೂ ಒಂದು ಒಳಲೆಕ್ಕ ಇರಬೇಕು ಎಂದುಕೊಂಡ ಪಿಯಾಜೆ, ಅಂಕ ಹಾಕುವುದರ ಬದಲು 'ಹೇಗೆ ಗೊತ್ತಾಯಿತು?', 'ಯಾಕೆ ಹಾಗೆ?' ಎಂದು ಮಾತಿಗಿಳಿದರು. ಮನೋರೋಗ ವೈದ್ಯರ ಸಂದರ್ಶನದಿಂದ ಎರವಲು ಪಡೆದ ಈ ಕ್ರಮವೇ ಮುಂದೆ 'ಕ್ಲಿನಿಕಲ್ ವಿಧಾನ' ಎನಿಸಿತು. 1921ರಲ್ಲಿ ಎಡ್ವರ್ಡ್ ಕ್ಲಪಾರೆಡ್ ಪಿಯಾಜೆಯನ್ನು ಜಿನೀವಾದ ರೂಸೋ ಸಂಸ್ಥೆಗೆ ಕರೆಸಿಕೊಂಡರು. 1925ರಿಂದ 1931ರ ನಡುವೆ ಮೂವರು ಮಕ್ಕಳು ಹುಟ್ಟಿದರು: ಜಾಕ್ಲೀನ್, ಲೂಸಿಯೆನ್, ಲೋರಾನ್. ಪಿಯಾಜೆ ಮತ್ತು ಪತ್ನಿ ವಾಲೆಂಟೀನ್ ತೊಟ್ಟಿಲ ಪಕ್ಕ ಕೂತು ಮಾಡಿಕೊಂಡ ಟಿಪ್ಪಣಿಗಳೇ ಶೈಶವದ ಬಗೆಗಿನ ಅವರ ಗ್ರಂಥಗಳ ತಳಪಾಯ.

ಅಲ್ಲಿಂದ ಬಂದ ಚಿತ್ರ ಇದು. ಮಗು ಖಾಲಿ ಪಾತ್ರೆಯಲ್ಲ, ಚಿಕ್ಕ ಅಳತೆಯ ದೊಡ್ಡವರೂ ಅಲ್ಲ. ಜಗತ್ತಿನ ಬಗ್ಗೆ ಅದು ತನ್ನದೇ ಒಂದು ಗ್ರಹಿಕೆಯ ಚೌಕಟ್ಟು ಕಟ್ಟಿಕೊಳ್ಳುತ್ತದೆ. ಅದು 'ಸ್ಕೀಮಾ'. ನಾಯಿಯನ್ನು ಬೌಬೌ ಎಂದು ಕಲಿತ ಮಗು ಹಿತ್ತಿಲಲ್ಲಿ ಕಟ್ಟಿದ ಕರುವನ್ನೂ ಬೌಬೌ ಎನ್ನುತ್ತದೆ. ಹೊಸದನ್ನು ಹಳೆಯ ಚೌಕಟ್ಟಿಗೆ ಸೇರಿಸಿಕೊಳ್ಳುವ ಈ ಕ್ರಿಯೆ 'ಸಾತ್ಮೀಕರಣ'. ಕರು ಅಂಬಾ ಎಂದಾಗ, ಅಜ್ಜಿ ಅದನ್ನು ಬೇರೆ ಹೆಸರಿನಿಂದ ಕರೆದಾಗ, ಚೌಕಟ್ಟನ್ನೇ ಬದಲಿಸಿಕೊಳ್ಳಬೇಕಾಗುತ್ತದೆ. ಅದು 'ಹೊಂದಾಣಿಕೆ'. ಈ ಎರಡರ ಜಗ್ಗಾಟದಲ್ಲಿ ಬುದ್ಧಿ ಬೆಳೆಯುತ್ತದೆ. ಹುಟ್ಟಿನಿಂದ ಹದಿಹರೆಯದವರೆಗೆ ನಾಲ್ಕು ಹಂತಗಳೆಂದು ಪಿಯಾಜೆ ಗುರುತು ಹಾಕಿದರು. ಅವನ್ನು ಬಾಯಿಪಾಠ ಮಾಡದ ಶಿಕ್ಷಕರು ಸಿಗುವುದು ಕಷ್ಟ. ಹಾಗಾಗಿ ಇಲ್ಲಿ ಅವುಗಳ ಪಟ್ಟಿ ಬೇಡ. ಲೋಟದ ನೀರಿನ ಎಡವಟ್ಟು ಎರಡರಿಂದ ಏಳು ವರ್ಷದ ಹಂತಕ್ಕೆ ಸೇರಿದ್ದು ಎಂದರೆ ಸಾಕು.

ಎಡಿನ್‌ಬರೋದ ತುಂಟ ಕರಡಿ

ಪಿಯಾಜೆಯ ಪ್ರಯೋಗಗಳನ್ನು ಬೇರೆಯವರು ಮಾಡಿದಾಗಲೂ ಮಕ್ಕಳು ಅದೇ ಉತ್ತರ ಕೊಟ್ಟರು. ಅದರಲ್ಲಿ ತಕರಾರಿಲ್ಲ. ತಕರಾರು ಎದ್ದದ್ದು ಆ ಉತ್ತರದ ಅರ್ಥದ ಬಗ್ಗೆ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಮಾರ್ಗರೆಟ್ ಡೊನಾಲ್ಡ್‌ಸನ್ ಅದನ್ನು ಎತ್ತಿದವರಲ್ಲಿ ಮುಖ್ಯರು.

ಸಂರಕ್ಷಣೆಯ ಇನ್ನೊಂದು ಪ್ರಯೋಗದಲ್ಲಿ ಎರಡು ಸಾಲು ಬಿಲ್ಲೆಗಳನ್ನು ಎದುರುಬದುರು ಸಮನಾಗಿ ಜೋಡಿಸುತ್ತಾರೆ. ಮಗು 'ಸಮ' ಎನ್ನುತ್ತದೆ. ಪ್ರಯೋಗ ಮಾಡುವವರು ಒಂದು ಸಾಲನ್ನು ಎಳೆದು ಉದ್ದ ಮಾಡಿ ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಮಗು ಉದ್ದನೆಯ ಸಾಲಿನಲ್ಲಿ ಹೆಚ್ಚಿದೆ ಎನ್ನುತ್ತದೆ. ಇದನ್ನು ಮಗುವಿನ ಕಡೆಯಿಂದ ನೋಡಿ ಎಂದರು ಡೊನಾಲ್ಡ್‌ಸನ್. ಒಬ್ಬ ದೊಡ್ಡವರು ಗಂಭೀರವಾಗಿ ಒಂದು ಪ್ರಶ್ನೆ ಕೇಳಿದರು, ನಾನು ಹೇಳಿದೆ. ಆಮೇಲೆ ಅವರೇ ಕೈಯಾರೆ ಏನೋ ಬದಲಾಯಿಸಿ, ಮತ್ತೆ ಅದನ್ನೇ ಕೇಳುತ್ತಿದ್ದಾರೆ. ಅಂದರೆ ಅವರು ಮಾಡಿದ ಬದಲಾವಣೆಗೆ ಏನೋ ಬೆಲೆ ಇರಬೇಕು, ನಾನು ಬೇರೆ ಉತ್ತರ ಕೊಡಬೇಕು ಎಂದು ಮಗು ಲೆಕ್ಕ ಹಾಕಿದರೆ ಅದು ದಡ್ಡತನವೇ? ಎದುರಿನವರ ಮನಸ್ಸನ್ನು ಓದುವ ಜಾಣತನವಲ್ಲವೇ?

ಇದನ್ನು ಪರೀಕ್ಷಿಸಲು ಜೇಮ್ಸ್ ಮೆಕ್‌ಗ್ಯಾರಿಗಲ್ ಅವರೊಂದಿಗೆ ಸೇರಿ 1970ರ ದಶಕದ ಮಧ್ಯದಲ್ಲಿ ಒಂದು ಪ್ರಯೋಗ ನಡೆಸಿದರು. ಬಿಲ್ಲೆಗಳ ಜೋಡಣೆ ಅದೇ, ಪ್ರಶ್ನೆಯೂ ಅದೇ. ಆದರೆ ಸಾಲನ್ನು ಕೆಡಿಸುವುದು ದೊಡ್ಡವರಲ್ಲ, ಪೆಟ್ಟಿಗೆಯಿಂದ ನುಗ್ಗಿ ಬಂದು ಆಟ ಹಾಳುಮಾಡುವ ಒಂದು ತುಂಟ ಕರಡಿ ಬೊಂಬೆ. 'ಅಯ್ಯೋ, ಈ ಕರಡಿ ಎಲ್ಲ ಕೆಡಿಸಿಬಿಡ್ತು' ಎಂಬ ವಾತಾವರಣದಲ್ಲಿ ಪ್ರಶ್ನೆ ಮತ್ತೆ ಬಂತು. ದೊಡ್ಡವರು ಸಾಲು ಎಳೆದಾಗ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಶೇ 16ರಷ್ಟು ಮಂದಿ ಮಾತ್ರ ಸರಿ ಹೇಳಿದ್ದರು. ಕರಡಿ ಕೆಡಿಸಿದಾಗ ಆ ಪ್ರಮಾಣ ಶೇ 60 ದಾಟಿತು. ಸುಮಾರು ಅದೇ ಹೊತ್ತಿಗೆ ಸುಸಾನ್ ರೋಸ್ ಮತ್ತು ಮೇರಿಯನ್ ಬ್ಲಾಂಕ್ ಇನ್ನೂ ಸರಳವಾದ ದಾರಿ ಹಿಡಿದರು. ಮೊದಲ ಪ್ರಶ್ನೆಯನ್ನೇ ಕೈಬಿಟ್ಟು, ಬದಲಾವಣೆಯ ನಂತರ ಒಂದೇ ಸಲ ಕೇಳಿದರು. ಆರು ವರ್ಷದ ಮಕ್ಕಳ ತಪ್ಪುಗಳು ಕಡಿಮೆಯಾದವು.

ನಮ್ಮ ತರಗತಿಗಳಲ್ಲಿ ಇದು ದಿನನಿತ್ಯದ ಅನುಭವ. 'ಆರಕ್ಕೆ ಮೂರು ಸೇರಿದ್ರೆ?' 'ಒಂಬತ್ತು ಮಿಸ್.' 'ಸರಿಯಾಗಿ ಯೋಚನೆ ಮಾಡಿ ಹೇಳು.' 'ಎಂಟು ಮಿಸ್.' ಮಗುವಿಗೆ ಕೂಡಿಸಲು ಬರುತ್ತಿತ್ತು. ಎರಡನೆಯ ಸಲ ಅದು ಉತ್ತರಿಸಿದ್ದು ಲೆಕ್ಕಕ್ಕಲ್ಲ, ಮಿಸ್ಸಿನ ಮುಖಕ್ಕೆ.

ಬೆಟ್ಟದ ಆಚೆ ಕಂಡದ್ದು

'ಸ್ವಕೇಂದ್ರಿತತೆ' ಎಂಬ ಪರಿಕಲ್ಪನೆಗೂ ಇದೇ ಗತಿಯಾಯಿತು. ಸಣ್ಣ ಮಗು ಬೇರೆಯವರ ದೃಷ್ಟಿಯಿಂದ ನೋಡಲಾರದು ಎಂದು ತೋರಿಸಲು ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಮೂರು ಬೆಟ್ಟಗಳ ಒಂದು ಮಾದರಿಯನ್ನು ಮೇಜಿನ ಮೇಲಿಟ್ಟರು. ಒಂದರ ತುದಿಯಲ್ಲಿ ಹಿಮ, ಒಂದರ ಮೇಲೆ ಪುಟ್ಟ ಮನೆ, ಇನ್ನೊಂದರ ಮೇಲೆ ಶಿಲುಬೆ. ಎದುರು ಬದಿಯಲ್ಲಿ ಒಂದು ಬೊಂಬೆ. ಬೊಂಬೆಗೆ ಏನು ಕಾಣುತ್ತದೆ, ಆ ಚಿತ್ರ ಆರಿಸು ಎಂದರೆ ನಾಲ್ಕೈದು ವರ್ಷದವರು ತಮಗೆ ಕಂಡದ್ದನ್ನೇ ತೋರಿಸಿದರು.

ಎಡಿನ್‌ಬರೋದವರೇ ಆದ ಮಾರ್ಟಿನ್ ಹ್ಯೂಸ್ 1975ರಲ್ಲಿ ಬೆಟ್ಟಗಳನ್ನು ತೆಗೆದು ಕೂಡುರಸ್ತೆಯಂತೆ ಅಡ್ಡ ಹಾಯುವ ಎರಡು ಗೋಡೆಗಳನ್ನಿಟ್ಟರು. ಒಬ್ಬ ಪೊಲೀಸ್ ಬೊಂಬೆ, ಒಬ್ಬ ಹುಡುಗನ ಬೊಂಬೆ. 'ಪೊಲೀಸನಿಗೆ ಕಾಣದ ಹಾಗೆ ಹುಡುಗನನ್ನು ಬಚ್ಚಿಡು.' ಮೂರೂವರೆಯಿಂದ ಐದು ವರ್ಷದ 30 ಮಕ್ಕಳು ಬಹುಮಟ್ಟಿಗೆ ಎಡವಲಿಲ್ಲ. ಹತ್ತರಲ್ಲಿ ಒಂಬತ್ತು ಉತ್ತರ ಸರಿಯಾಗಿದ್ದವು. ಬಚ್ಚಿಟ್ಟುಕೊಳ್ಳುವುದು ಮಕ್ಕಳಿಗೆ ಗೊತ್ತಿರುವ ಕೆಲಸ. ಯಾರಿಂದ, ಯಾಕೆ ಎಂಬುದು ಅರ್ಥವಾಗುತ್ತದೆ. ಬೆಟ್ಟದ ಚಿತ್ರ ಆರಿಸಲು ಕೇಳಿದವರ ಉದ್ದೇಶ ಅರ್ಥವಾಗಲಿಲ್ಲ. ಡೊನಾಲ್ಡ್‌ಸನ್ 1978ರ ತಮ್ಮ 'ಚಿಲ್ಡ್ರನ್ಸ್ ಮೈಂಡ್ಸ್' ಪುಸ್ತಕದಲ್ಲಿ ಇದನ್ನೇ ಒತ್ತಿ ಹೇಳಿದರು. ಮನುಷ್ಯ ವ್ಯವಹಾರದ ಸಂದರ್ಭವಿದ್ದಾಗ ಮಗು ತರ್ಕಿಸುತ್ತದೆ. ಸಂದರ್ಭ ಕಿತ್ತು ಬರೀ ಪ್ರಶ್ನೆ ಇಟ್ಟರೆ ತಡವರಿಸುತ್ತದೆ.

ಮಾತು ಬಾರದವರನ್ನು ಕೇಳುವುದು ಹೇಗೆ?

ಇನ್ನೂ ಮಾತೇ ಬಾರದ ಕೂಸಿನ ವಿಷಯದಲ್ಲಿ ಸಮಸ್ಯೆ ಇನ್ನೂ ಬಿಗಿ. ಆರು ತಿಂಗಳ ಕೂಸಿನ ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಅದು ಹುಡುಕುವುದಿಲ್ಲ. ಕಣ್ಣಿಗೆ ಕಾಣದ್ದು ಇದ್ದೇ ಇರುತ್ತದೆ ಎಂಬ ಅರಿವು, ಅಂದರೆ 'ವಸ್ತು ಸ್ಥಿರತೆ', ಎಂಟನೆಯ ತಿಂಗಳ ಸುಮಾರಿಗೆ ಮೂಡತೊಡಗುತ್ತದೆ ಎಂದರು ಪಿಯಾಜೆ. ಆದರೆ ಬಟ್ಟೆ ಎತ್ತಲು ಕೈ ಪಳಗಬೇಕು, ಯೋಜನೆ ಬೇಕು. ಹುಡುಕದಿರುವುದು ಅರಿವಿಲ್ಲದ್ದಕ್ಕೋ, ಕೈಲಾಗದ್ದಕ್ಕೋ?

ರೆನೆ ಬೈಯಾರ್ಜಾನ್ ಮತ್ತು ಸಂಗಡಿಗರು 1985ರಲ್ಲಿ ಕೈಯನ್ನು ಬಿಟ್ಟು ಕಣ್ಣನ್ನು ಕೇಳಿದರು. ಐದು ತಿಂಗಳ ಕೂಸುಗಳ ಮುಂದೆ ಒಂದು ಹಲಗೆ ಮಲಗಿದ ಸ್ಥಿತಿಯಿಂದ ಎದ್ದು ಹಿಂದಕ್ಕೆ ಬಾಗುತ್ತದೆ. ಅದರ ಹಿಂದೊಂದು ಪೆಟ್ಟಿಗೆ ಇಡಲಾಗಿದೆ. ಹಲಗೆ ಪೆಟ್ಟಿಗೆಗೆ ತಾಗಿ ನಿಂತರೆ ಸಹಜ. ಗುಟ್ಟಾಗಿ ಪೆಟ್ಟಿಗೆ ತೆಗೆದು, ಹಲಗೆ ಪೂರ್ತಿ ಹಿಂದಕ್ಕೆ ಬೀಳುವಂತೆ ಮಾಡಿದರೆ ಕೂಸುಗಳು ಹೆಚ್ಚು ಹೊತ್ತು ದಿಟ್ಟಿಸಿದವು. ಹಲಗೆಯ ಮರೆಗೆ ಹೋದ ಪೆಟ್ಟಿಗೆ ಅವುಗಳ ಮನಸ್ಸಿನಲ್ಲಿ ಇನ್ನೂ ಇತ್ತು ಎಂಬುದು ಸಂಶೋಧಕರ ವ್ಯಾಖ್ಯಾನ. ನೋಟದ ಅವಧಿಯಿಂದ ಇಷ್ಟು ದೊಡ್ಡ ತೀರ್ಮಾನಕ್ಕೆ ಬರಬಹುದೇ ಎಂಬ ಚರ್ಚೆ ಮುಗಿದಿಲ್ಲವಾದರೂ, ಎಂಟು ತಿಂಗಳೆಂಬ ಗೆರೆ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ.

ಹತ್ತು ತಿಂಗಳ ಕೂಸು ಮಾಡುವ ಇನ್ನೊಂದು ತಪ್ಪು ಹೆಚ್ಚು ಸ್ವಾರಸ್ಯದ್ದು. ಆಟಿಕೆಯನ್ನು ಮೊದಲನೆಯ ಡಬ್ಬಿಯ ಕೆಳಗೆ ಹಲವು ಸಲ ಬಚ್ಚಿಟ್ಟು, ಆಮೇಲೆ ಕೂಸು ನೋಡುತ್ತಿರುವಾಗಲೇ ಎರಡನೆಯದರ ಕೆಳಗಿಟ್ಟರೂ ಅದು ಮೊದಲನೆಯದನ್ನೇ ಎತ್ತುತ್ತದೆ. 2008ರಲ್ಲಿ ಹಂಗೇರಿಯ ಯೋಜೆಫ್ ತೊಪಾಲ್ ಮತ್ತು ಸಂಗಡಿಗರು ಇದನ್ನು ಎರಡು ಬಗೆಯಲ್ಲಿ ಮಾಡಿ ನೋಡಿದರು. ಎಂದಿನಂತೆ ಕೂಸಿನ ಕಣ್ಣಲ್ಲಿ ಕಣ್ಣಿಟ್ಟು, ಮುದ್ದಿನಿಂದ ಮಾತಾಡಿಸುತ್ತ ಬಚ್ಚಿಟ್ಟಾಗ ಕೂಸುಗಳು ಎಂದಿನಂತೆ ತಪ್ಪಿದವು. ಮುಖ ನೋಡದೆ, ಮಾತಾಡದೆ ಬಚ್ಚಿಟ್ಟಾಗ ತಪ್ಪು ಗಣನೀಯವಾಗಿ ಇಳಿಯಿತು. ದೊಡ್ಡವರು ಅಕ್ಕರೆಯಿಂದ ತೋರಿಸಿದ್ದನ್ನು ಕೂಸು 'ಇಂಥದ್ದು ಇಲ್ಲಿರುತ್ತದೆ' ಎಂಬ ಪಾಠವೆಂದು ತೆಗೆದುಕೊಂಡಿರಬೇಕು ಎಂದರು ಅವರು. ಕಲಿಯುವ ಆತುರವೇ ತಪ್ಪಿಗೆ ಕಾರಣವಾಗಿತ್ತು.

ಕಾಯದ ಮಗು, ಬಾರದ ಬಣ್ಣ

ಈ ಕಥೆಯಲ್ಲಿ ಹೊರಜಗತ್ತಿಗೆ ಹೆಚ್ಚು ಗೊತ್ತಿರುವುದು ಮಾರ್ಷ್‌ಮ್ಯಾಲೋ ಪ್ರಯೋಗ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿಯಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಯಿಂದ ಇಂಥ ಪ್ರಯೋಗಗಳನ್ನು ನಡೆಸಿದರು. ಮೇಜಿನ ಮೇಲೆ ಒಂದು ಮಿಠಾಯಿ. ಈಗಲೇ ತಿಂದರೆ ಇದೊಂದೇ, ಕಾದರೆ ಎರಡು. ಕಾಯಬಲ್ಲ ಮಗುವಿಗೆ 'ಆತ್ಮಸಂಯಮ' ಇದೆ. ಹೀಗೆ ಕಾದವರು ಮುಂದೆ ಓದಿನಲ್ಲೂ ಬದುಕಿನಲ್ಲೂ ಮೇಲೆ ಬರುತ್ತಾರೆ ಎಂಬ ಮಾತು ಪೋಷಕರ ಸಭೆಗಳಿಂದ ವ್ಯಕ್ತಿತ್ವ ವಿಕಸನ ಶಿಬಿರಗಳವರೆಗೆ ಹಬ್ಬಿತು.

ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಮಿಠಾಯಿಗೂ ಮೊದಲಿನ ಕೆಲವು ನಿಮಿಷಗಳತ್ತ ಕಣ್ಣು ಹಾಯಿಸಿತು. 28 ಮಕ್ಕಳನ್ನು ಎರಡು ಗುಂಪು ಮಾಡಿದರು. ಹಳೆಯ ಕ್ರೆಯಾನ್‌ಗಳನ್ನು ಕೊಟ್ಟು 'ಸ್ವಲ್ಪ ಇರು, ಇದಕ್ಕಿಂತ ಚೆನ್ನಾಗಿರೋದು ತರ್ತೀನಿ' ಎಂದು ಹೊರಹೋದರು. ಒಂದು ಗುಂಪಿಗೆ ನಿಜಕ್ಕೂ ಹೊಸ ಬಣ್ಣಗಳು ಬಂದವು. ಇನ್ನೊಂದಕ್ಕೆ 'ಇಲ್ಲ ಕಂದ, ಇರಲಿಲ್ಲ' ಎಂಬ ಉತ್ತರ ಬಂತು. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರ ಮುಂದೆ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮುಂದೆ 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಮೊದಲ ಗುಂಪಿನ 14ರಲ್ಲಿ ಒಂಬತ್ತು ಮಂದಿ, ಎರಡನೆಯದರಲ್ಲಿ ಒಬ್ಬರೇ.

ಸಂಯಮ ಕಡಿಮೆ ಎಂದು ಮಗುವಿನ ಲೆಕ್ಕಕ್ಕೆ ಬರೆದ ಕೊರತೆಯಲ್ಲಿ ದೊಡ್ಡವರ ಪಾಲೂ ಇತ್ತು. 'ನಾಳೆ ಕೊಡಿಸ್ತೀನಿ' ಎಂಬುದು ಬರೀ ಮಾತು ಎಂದು ಕಲಿತ ಮಗು ಸಿಕ್ಕಿದ್ದನ್ನು ಕೂಡಲೇ ಬಾಯಿಗೆ ಹಾಕಿಕೊಂಡರೆ ಅದು ಲೋಕಜ್ಞಾನ. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಸಂಗಡಿಗರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಪರಿಶೀಲಿಸಿದರು. ಮನೆಯ ಸ್ಥಿತಿಗತಿ ಮತ್ತು ಮಗುವಿನ ಆರಂಭಿಕ ಸಾಮರ್ಥ್ಯವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಕಾಯುವಿಕೆಗೂ ಮುಂದಿನ ಸಾಧನೆಗೂ ಇದ್ದ ನಂಟು ಬಹುಮಟ್ಟಿಗೆ ಕರಗಿಹೋಯಿತು.

ಒಬ್ಬರೇ ಮಾತಾಡಿಕೊಳ್ಳುವ ಮಕ್ಕಳು

ಪಿಯಾಜೆ ಹುಟ್ಟಿದ ವರ್ಷವೇ ಹುಟ್ಟಿದ ರಷ್ಯಾದ ಲೆವ್ ವೈಗೋಟ್‌ಸ್ಕಿ ಕ್ಷಯ ತಗುಲಿ 1934ರಲ್ಲೇ ತೀರಿಕೊಂಡರು. ಅಷ್ಟರಲ್ಲೇ ಪಿಯಾಜೆಗೆ ಅವರು ಎತ್ತಿದ ಆಕ್ಷೇಪ ಇಂದಿಗೂ ಜೀವಂತ. ಆಟವಾಡುತ್ತ ತಮ್ಮಷ್ಟಕ್ಕೇ ಮಾತಾಡಿಕೊಳ್ಳುವ ಮಕ್ಕಳನ್ನು ಕಂಡ ಪಿಯಾಜೆ, ಅದು ಕೇಳುಗರ ಪರಿವೆ ಇಲ್ಲದ ಅಪಕ್ವ ಮಾತು, ಬೆಳೆದಂತೆ ಮಾಯವಾಗುತ್ತದೆ ಎಂದಿದ್ದರು. ವೈಗೋಟ್‌ಸ್ಕಿ ಮಕ್ಕಳ ಕೆಲಸಕ್ಕೆ ಬೇಕೆಂದೇ ಅಡ್ಡಿ ಒಡ್ಡಿ ನೋಡಿದರು. ಚಿತ್ರ ಬಿಡಿಸುವಾಗ ಬೇಕಾದ ನೀಲಿ ಪೆನ್ಸಿಲ್ ಇಲ್ಲ. ಮಗು ಗೊಣಗುತ್ತ, ಕೆಂಪಿನಲ್ಲೇ ಬಿಡಿಸಿ ನೀರು ಹಚ್ಚಿದರೆ ನೀಲಿಯಂತೆ ಕಂಡೀತು ಎಂದು ತನಗೆ ತಾನೇ ದಾರಿ ಹೇಳಿಕೊಳ್ಳುತ್ತದೆ. ಅಡ್ಡಿ ಎದುರಾದಾಗ ಇಂಥ ಮಾತು ಹೆಚ್ಚುಕಡಿಮೆ ಎರಡುಪಟ್ಟಾಯಿತು. ಮಾತು ಅಲ್ಲಿ ಯೋಚನೆಯ ಉಪಕರಣವಾಗಿತ್ತು. ಅದು ಮಾಯವಾಗುವುದಿಲ್ಲ, ಒಳಗೆ ಇಳಿಯುತ್ತದೆ.

ಮಗು ಒಂಟಿಯಾಗಿ ಏನು ಮಾಡಬಲ್ಲದು ಎಂಬುದಷ್ಟೇ ಅಳತೆಗೋಲಾಗಬಾರದು ಎಂಬುದು ಅವರ ಇನ್ನೊಂದು ವಾದ. ತಾನೇ ಮಾಡಬಲ್ಲದ್ದಕ್ಕೂ, ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಜಾಗವನ್ನು ಅವರು 'ಸಮೀಪ ವಿಕಾಸ ವಲಯ' ಎಂದರು. ಕಲಿಕೆ ನಡೆಯುವುದು ಅಲ್ಲಿಯೇ. ಕೊಟ್ಟ ನೆರವನ್ನು ಹದವರಿತು ಹಿಂತೆಗೆಯುವುದಕ್ಕೆ ವುಡ್, ಬ್ರೂನರ್, ರಾಸ್ ಎಂಬ ಮೂವರು 1976ರಲ್ಲಿ 'ಸ್ಕ್ಯಾಫೋಲ್ಡಿಂಗ್' ಎಂಬ ಹೆಸರಿಟ್ಟರು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಇದರ ಒಂದು ರೂಪ ಕಣ್ಣಿಗೆ ಬೀಳುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆ ಹಬ್ಬಿದ ನಲಿಕಲಿ ತರಗತಿಯಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ. ಶಿಕ್ಷಕರ ಪೂರ್ಣ ನೆರವಿನ ಗುಂಪು, ಭಾಗಶಃ ನೆರವಿನ ಗುಂಪು, ಸಹಪಾಠಿಗಳ ನೆರವಿನ ಗುಂಪು, ಕೊನೆಗೆ ಸ್ವಕಲಿಕೆಯ ಗುಂಪು. ಕಲಿಕಾ ಏಣಿಯಲ್ಲಿ ಪ್ರತಿ ಮಗು ತನ್ನ ವೇಗದಲ್ಲಿ ಏರುತ್ತ, ಗುಂಪಿನಿಂದ ಗುಂಪಿಗೆ ದಾಟುತ್ತದೆ.

ಸಾಕ್ಷಿಕಟ್ಟೆಯ ಹತ್ತಿರ

ಪ್ರಶ್ನೆ ಕೇಳುವ ರೀತಿಗೆ ಇಷ್ಟು ತೂಕವಿದೆ ಎಂಬುದು ಪ್ರಯೋಗಾಲಯದ ಸೂಕ್ಷ್ಮವಾಗಿಯೇ ಉಳಿದಿಲ್ಲ. ಮಗುವನ್ನು ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ ಅದು ಉತ್ತರ ಬದಲಿಸಬಹುದು. ಹಿಂದಿನದು ಸುಳ್ಳಾಗಿತ್ತು ಎಂಬುದಕ್ಕಲ್ಲ, ಹಿಂದಿನದು ನಿಮಗೆ ಹಿಡಿಸಲಿಲ್ಲ ಎಂದುಕೊಂಡು. ನ್ಯಾಯಾಲಯದಲ್ಲಿ ಇದರ ಬೆಲೆ ಬಹಳ ದುಬಾರಿ. ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆಯ 33ನೆಯ ಕಲಂ ಹೇಳುವುದನ್ನು ಈ ಹಿನ್ನೆಲೆಯಲ್ಲಿ ಓದಬಹುದು. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಗಳನ್ನು ವಿಶೇಷ ನ್ಯಾಯಾಲಯಕ್ಕೆ ಕೊಡಬೇಕು, ನ್ಯಾಯಾಲಯ ಮಗುವನ್ನು ಕೇಳಬೇಕು. ನಡುನಡುವೆ ಬಿಡುವು ಕೊಡಬಹುದು. ಸಾಕ್ಷ್ಯ ಹೇಳಲು ಮಗುವನ್ನು ಪದೇಪದೇ ಕರೆಸಬಾರದು. ಆಕ್ರಮಣಕಾರಿ ಪ್ರಶ್ನೆಗಳಿಗೆ ಅವಕಾಶವಿಲ್ಲ. ಉತ್ತರದ ಹೊಣೆಯಲ್ಲಿ ಕೇಳುವವರಿಗೂ ಪಾಲಿದೆ ಎಂದು ಕಾನೂನು ಒಪ್ಪಿಕೊಂಡಂತಾಯಿತು.

ಹಾಗಾದರೆ ಪಿಯಾಜೆ ಸೋತರೇ? ಅವರು ಹಾಕಿದ ವಯಸ್ಸಿನ ಗೆರೆಗಳು ಜರುಗಿವೆ. ಹಂತಗಳು ಅವರು ಅಂದುಕೊಂಡಷ್ಟು ಖಂಡಿತವಾಗಿಲ್ಲ. ಆದರೆ ಸಣ್ಣ ಮಗುವನ್ನು ಎಷ್ಟೇ ಜಾಣತನದಿಂದ ಕೇಳಿದರೂ ಕೆಲವು ಸಂಗತಿಗಳು ಒಂದು ವಯಸ್ಸಿನವರೆಗೆ ಅದಕ್ಕೆ ಎಟಕುವುದಿಲ್ಲ. ಕರಡಿ ಬಂದಮೇಲೂ ಮೂರನೇ ಒಂದರಷ್ಟು ಮಕ್ಕಳು ತಪ್ಪೇ ಹೇಳಿದ್ದರು. ಇನ್ನೂ ದೊಡ್ಡ ಸಂಗತಿ, ಪಿಯಾಜೆಯನ್ನು ತಿದ್ದಿದವರೆಲ್ಲ ತಿದ್ದಿದ್ದು ಪಿಯಾಜೆಯ ದಾರಿಯಲ್ಲೇ. ಅವರು ಮಗುವಿನ ತಪ್ಪನ್ನು ಗಂಭೀರವಾಗಿ ತೆಗೆದುಕೊಂಡರು, ಇವರು ಪಿಯಾಜೆಯ ಪ್ರಶ್ನೆಯನ್ನು ಅಷ್ಟೇ ಗಂಭೀರವಾಗಿ ತೆಗೆದುಕೊಂಡರು.

ಇದೆಲ್ಲ ನಮ್ಮ ಶಿಕ್ಷಕರಾಗುವವರಿಗೆ ತಲುಪುವ ಬಗೆಯಲ್ಲಿ ಮಾತ್ರ ಒಂದು ತಮಾಷೆಯಿದೆ. ಕರ್ನಾಟಕದ ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರತಿ ಪತ್ರಿಕೆಯಲ್ಲಿ 150 ಪ್ರಶ್ನೆಗಳು. ಅದರಲ್ಲಿ 30 ಶಿಶು ವಿಕಾಸಕ್ಕೆ ಮೀಸಲು. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಒಂದು ಸರಿ. ವಸ್ತು ಸ್ಥಿರತೆ ಯಾವ ಹಂತದ್ದು, ಸಂರಕ್ಷಣೆ ಯಾವ ವಯಸ್ಸಿನದು ಎಂಬುದಕ್ಕೆ ಗುಂಡು ತುಂಬಿದರೆ ಒಂದು ಅಂಕ. ತಪ್ಪು ಗುಂಡು ತುಂಬಿದವರು ಏನು ಯೋಚಿಸಿ ಹಾಗೆ ತುಂಬಿದರು ಎಂದು ಓಎಂಆರ್ ಯಂತ್ರ ಕೇಳುವುದಿಲ್ಲ. ಸರಿ ಉತ್ತರಗಳನ್ನು ಎಣಿಸುವ ಕೆಲಸ ಬೇಸರ ತಂದದ್ದಕ್ಕೇ ಹೊಸ ದಾರಿ ಹಿಡಿದ ಪಿಯಾಜೆಯನ್ನು ನಾವು ಸರಿ ಉತ್ತರ ಎಣಿಸಿಯೇ ಕಲಿಸುತ್ತಿದ್ದೇವೆ. ಪಾಸಾದವರು ನಾಳೆ ಒಂದನೆಯ ತರಗತಿಯ ಬಾಗಿಲು ದಾಟಿದಾಗ ಎದುರಾಗುವುದು ಬಹುಪಾಲು ತಪ್ಪು ಉತ್ತರಗಳೇ. ಅವಕ್ಕೆ ಇಲಾಖೆ ಕೀ ಉತ್ತರ ಪ್ರಕಟಿಸುವುದಿಲ್ಲ. ಪಕ್ಕದಲ್ಲಿ ಕೂತು 'ಹೇಗೆ ಹೇಳಿದೆ ಪುಟ್ಟ?' ಎಂದು ಕೇಳಿಯೇ ತಿಳಿಯಬೇಕು.